ಎಡಸುತ್ತು, ಬಲಸುತ್ತು

ಮಧ್ಯಾಹ್ನ ಊಟವಾಗಿ ದಿಂಬಿಗೆ ತಲೆ ಕೊಟ್ಟರೆ ಈಗಲೂ ನನ್ನ ಕಾಲು ಆ ದಾರಿ ಹಿಡಿಯುತ್ತದೆ. ಮೊದಲು ನಮ್ಮ ಬೀದಿಯ ಕೊನೆ, ಟಾರು ಮುಗಿದು ಮಣ್ಣು ಶುರುವಾಗುವ ಜಾಗ. ಆಮೇಲೆ ದನ ಹೊರಗೆ ಬರದ ಹಾಗೆ ಹಾಕಿದ ಕಬ್ಬಿಣದ ಗೇಟು. ಚಳಿಗಾಲದಲ್ಲಿ ಅದರ ಅಗಳಿ ಎಷ್ಟು ತಣ್ಣಗಿರುತ್ತಿತ್ತೆಂದರೆ ಸೆರಗು ಸುತ್ತಿಕೊಂಡೇ ಎಳೆಯಬೇಕು. ಗೇಟು ದಾಟಿದರೆ ಎದುರಿಗೆ ಗುಡ್ಡ. ಮಂಜು ಬಿದ್ದ ದಿನ ಗುಡ್ಡವೇ ಇರುತ್ತಿರಲಿಲ್ಲ, ಇದೆ ಎಂದು ನಂಬಿಕೊಂಡು ಓಡಬೇಕಿತ್ತು. ಬಲಕ್ಕೆ ತಿರುಗಿ, ಬತ್ತಿದ ಹಳ್ಳದ ಪಕ್ಕದಲ್ಲಿ, ಅಕ್ರೋಟಿನ ಮರಗಳ ಅಡಿಯಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಹಾಗೆ ಮಲಗಿ ಸುತ್ತಿದ ಸುತ್ತು ಯಾವತ್ತೂ ಪೂರ್ತಿಯಾಗಿಲ್ಲ.

ಇದು ಅಮೆರಿಕದ ಡೈಮಂಡ್ ಬಾರ್ ಎಂಬ ಊರಿನ ಮಾತು, ಅದೂ ಅಲ್ಲಿ ಮನೆಗಳಿಗಿಂತ ದನಗಳೇ ಹೆಚ್ಚಾಗಿ ಕಾಣುತ್ತಿದ್ದ ಕಾಲದ್ದು. ಎಪ್ಪತ್ತೈದರಲ್ಲಿ ನಾವು ಕಲ್ವರ್ ಸಿಟಿಯ ಅಪಾರ್ಟ್‌ಮೆಂಟು ಬಿಟ್ಟು ಅಲ್ಲಿಗೆ ಬಂದೆವು. ನಮ್ಮವರ ಆಫೀಸು ಇದ್ದದ್ದು ಎಲ್ ಸೆಗುಂಡೋದಲ್ಲಿ. ಯಾವುದೋ ವಿಮಾನದ ಯಾವುದೋ ರೆಕ್ಕೆ ಎಷ್ಟು ಬಳುಕಿದರೆ ಮುರಿಯುತ್ತದೆ ಎಂದು ಲೆಕ್ಕ ಹಾಕುವ ಕೆಲಸ. ಅಷ್ಟು ದೂರದಿಂದ ದಿನಾ ಡ್ರೈವ್ ಮಾಡುತ್ತೀರಾ ಎಂದು ಎಲ್ಲರೂ ಬೈದರು. ಇವರು ಮಾತ್ರ ಮನೆ ನೋಡುವ ಮೊದಲು ಗುಡ್ಡ ನೋಡಿ, "ಥೇಟ್ ನಮ್ಮ ಧಾರವಾಡದ್ಹಂಗ ಅದ" ಅಂದರು. ನಾನು ಮೈಸೂರಿನವಳು, ಚಾಮುಂಡಿ ಬೆಟ್ಟ ನೋಡುತ್ತ ಬೆಳೆದವಳು. ನಿಮ್ಮೂರಲ್ಲಿ ಗುಡ್ಡ ಎಲ್ಲಿದೆ, ದಿಣ್ಣೆ ಇದೆ ಅಂದೆ. ಆ ದಿಣ್ಣೆಯ ಕಾರಣಕ್ಕೇ ಮನೆ ಕೊಂಡೆವು.

ಕೊಂಡ ಮೇಲೆ ಎರಡು ವರ್ಷ ಗೇಟಿನ ಆಚೆ ಕಾಲಿಡಲಿಲ್ಲ. ಓಡುವುದಂತೂ ನಮ್ಮ ಜಾತಕದಲ್ಲೇ ಇರಲಿಲ್ಲ. ನಮ್ಮವರು ಬಸ್ಸು ಹಿಡಿಯಲು ಓಡಿದ್ದನ್ನು ನಾನು ನೋಡಿಲ್ಲ, ಬಸ್ಸು ಹೋಗಲಿ ಬಿಡು ಇನ್ನೊಂದು ಬರುತ್ತದೆ ಅನ್ನುವ ಜಾತಿ. ಎಪ್ಪತ್ತೇಳರ ಚಳಿಗಾಲದಲ್ಲಿ ಒಂದು ಸಂಜೆ ಫ್ರೀವೇಯಲ್ಲಿ ಎದೆ ಹಿಂಡಿದಂತಾಯಿತಂತೆ. ಗ್ಯಾಸ್ ಅಂದುಕೊಂಡು ಸೋಡಾ ಕುಡಿದು ಮನೆಗೆ ಬಂದರು. ಎರಡು ದಿನ ನನಗೆ ಹೇಳಲಿಲ್ಲ. ಮೂರನೆಯ ದಿನ ಸ್ನಾನದ ಮನೆಯಲ್ಲಿ ಕುಸಿದರು. ಹಾರ್ಟ್ ಅಟ್ಯಾಕ್ ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಕೋಪ. ಆ ಎರಡು ದಿನದ ಕೋಪ ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಅವರಿಗೆ ಆಗ ನಲವತ್ತೊಂದು. ನನ್ನ ಮಾವನವರು ತೀರಿಕೊಂಡದ್ದು ನಲವತ್ತೆರಡಕ್ಕೆ, ಹೀಗೇ ಎದೆ ಹಿಡಿದುಕೊಂಡು. ಆಗ ಇವರು ಹನ್ನೆರಡು ವರ್ಷದ ಹುಡುಗ. ಆಸ್ಪತ್ರೆಯಿಂದ ಬಂದ ಮನುಷ್ಯ ಸೋಫಾ ಬಿಟ್ಟು ಏಳಲಿಲ್ಲ. ಮೆಟ್ಟಿಲು ಹತ್ತಲು ಭಯ, ನಮ್ಮ ಒಂಬತ್ತು ವರ್ಷದ ಮಗಳನ್ನು ಎತ್ತಿಕೊಳ್ಳಲು ಭಯ, ಜೋರಾಗಿ ನಗಲು ಭಯ. ತಮ್ಮ ನಾಡಿಯನ್ನು ತಾವೇ ಹಿಡಿದುಕೊಂಡು ಕಿಟಕಿಯಾಚೆಯ ಗುಡ್ಡ ನೋಡುತ್ತ ಕೂತಿರುತ್ತಿದ್ದರು. ನಲವತ್ತೆರಡು ಬರಲಿ ಎಂದು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು.

ನಮಗೆ ಬೇಕಾದ ಮೈಸೂರಿನ ಡಾಕ್ಟರೊಬ್ಬರು ಸ್ಯಾನ್ ಡಿಯಾಗೋದಲ್ಲಿದ್ದರು. ಅವರು ಬಂದು ನೋಡಿ, ಬೈದು, ಒಂದು ವಾರಕ್ಕೆಂದು ತಮ್ಮ ಮನೆಗೆ ಕರೆದುಕೊಂಡು ಹೋದರು. ನಮ್ಮ ಮೊದಲ ಓಟದ ದಾರಿ ಅಲ್ಲಿಯದು. ಸಮುದ್ರ ಹಿಂದೆ ಸರಿದ ಹೊತ್ತಿನ ಒದ್ದೆ ಮರಳು, ಒಂದು ಲೈಫ್‌ಗಾರ್ಡ್ ಅಟ್ಟಣೆಯಿಂದ ಇನ್ನೊಂದರವರೆಗೆ. ಜನವರಿಯ ಬೆಳಗು. ನೀರು ಎಲ್ಲಿ ಮುಗಿಯಿತು ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳಲಾಗದ ಒಂದೇ ಬೂದು ಬಣ್ಣ. ಪೆಲಿಕನ್‌ಗಳು ಸಾಲಾಗಿ, ರೆಕ್ಕೆ ಬಡಿಯದೆ, ನೀರಿಗೆ ತಾಗಿಯೂ ತಾಗದಂತೆ ಹೋಗುತ್ತಿದ್ದವು.

"ಓಡುವಾಗ ಮಾತಾಡ್ತಾ ಇರಬೇಕು. ಮಾತು ಕಟ್ಟಿದರೆ ಓಟ ನಿಲ್ಸಿ. ಅದಕ್ಕಿಂತ ದೊಡ್ಡ ಮೆಷೀನ್ ಬೇಡ," ಅಂದರು ಡಾಕ್ಟರು. ನಾಲಿಗೆಯ ಕೆಳಗಿಡುವ ಮಾತ್ರೆಗಳ ಪುಟ್ಟ ಕಂದು ಸೀಸೆಯನ್ನು ನನ್ನ ಕೈಗೆ ಕೊಟ್ಟರು, ಇವರ ಕೈಗಲ್ಲ. "ನೀವೂ ಜೊತೇಲಿ ಓಡಿ. ಇವನು ಒಬ್ಬನೇ ಹೋಗೋನಲ್ಲ."

ಮದುವೆಯಾಗಿ ಹನ್ನೊಂದು ವರ್ಷವಾದ ಗಂಡಹೆಂಡಿರಿಗೆ ಬೆಳಿಗ್ಗೆ ಆರು ಗಂಟೆಗೆ ಮಾತೇನಿರುತ್ತದೆ? ಮೊದಲ ದಿನ ಮನೆಯ ಪ್ಲಂಬಿಂಗ್ ಆಯಿತು. ಎರಡನೆಯ ದಿನ ಕಾರಿನ ಬ್ರೇಕು. ಮೂರನೆಯ ದಿನ ಸರಕು ಮುಗಿಯಿತು. ಆಗ ಅವರು ಮಗ್ಗಿ ಹೇಳತೊಡಗಿದರು. ಧಾರವಾಡದ ಶಾಲೆಯ ರಾಗದಲ್ಲಿ, ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಅಟ್ಟಣೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಐದರ ಮಗ್ಗಿ ಮುಗಿಯುತ್ತಿತ್ತು. ವಾರದ ಕೊನೆಗೆ ಹನ್ನೆರಡರವರೆಗೆ ಬಂದರು. ಏದುಸಿರಿನ ನಡುವೆಯೂ ಆ ಧ್ವನಿ ಕೇಳುತ್ತಿರುವವರೆಗೆ ಇವರು ಬದುಕಿದ್ದಾರೆ ಎಂದು ನಾನು ಕಿವಿಯಲ್ಲೇ ಲೆಕ್ಕ ಇಟ್ಟುಕೊಂಡು ಓಡಿದೆ.

ಡೈಮಂಡ್ ಬಾರಿಗೆ ಮರಳಿದ ಮೇಲೆ ಸಮುದ್ರವಿಲ್ಲ, ಸಮತಟ್ಟು ಜಾಗವೂ ಇಲ್ಲ. ದಾರಿ ಹುಡುಕುವ ಕೆಲಸ ನನ್ನದಾಯಿತು. ಮಗಳನ್ನು ಶಾಲೆಗೆ ಬಿಟ್ಟು ಬಂದು, ಸೀರೆ ಬಿಟ್ಟು ಅವರದೊಂದು ಹಳೆಯ ಪ್ಯಾಂಟು ಏರಿಸಿ, ಗೇಟು ದಾಟಿ ಗುಡ್ಡದ ಸುತ್ತ ಅಲೆದೆ. ಎಡಗಡೆಯಿಂದ ಹೋದರೆ ಮೊದಲೇ ಕಡಿದಾದ ಏರು, ನನಗೇ ತೊಡೆ ನಡುಗಿತು. ಬಲಗಡೆಯ ದಾರಿ ತೋರಿಸಿದ್ದು ದನಗಳು. ಹಳ್ಳದ ಪಕ್ಕದಿಂದ ಗುಡ್ಡದ ಬೆನ್ನಿಗೆ ಅವು ತಲೆತಲಾಂತರದಿಂದ ನಡೆದು ಸವೆಸಿದ ಒಂದು ಜಾಡಿತ್ತು. ಎಲ್ಲೂ ಏದುಸಿರು ಬರದ ಹಾಗೆ, ಏರುತ್ತಿದ್ದೇವೆ ಎಂದೇ ತಿಳಿಯದ ಹಾಗೆ ಏರುವ ಜಾಡು. ನಮ್ಮ ಮನೆಯ ಎಂಜಿನಿಯರಿಗೂ ಅಂಥದ್ದು ಹೊಳೆಯುತ್ತಿರಲಿಲ್ಲ. ಅದು ಗುಡ್ಡದ ಹಿಂಬದಿಯನ್ನು ಬಳಸಿ, ಮೇಲಿನ ಹಸಿರು ಬಣ್ಣದ ನೀರಿನ ಟ್ಯಾಂಕಿನ ಬಳಿ ಮುಗಿಯುತ್ತಿತ್ತು. ಅಲ್ಲಿಂದ ಆ ಕಡಿದಾದ ದಾರಿಯಲ್ಲಿ ನಿಧಾನ ನಡೆದು ಇಳಿದರೆ ಮತ್ತೆ ಗೇಟು. ಸುಮಾರು ಎರಡು ಮೈಲಿಯ ಸುತ್ತು.

ಹಾಗೆ ಶುರುವಾಯಿತು. ಫೆಬ್ರವರಿಯಲ್ಲಿ ಮಳೆ ಬಂದು ಗುಡ್ಡವೆಲ್ಲ ಹಸಿರು. ಮಾರ್ಚಿಗೆ ಸಾಸಿವೆ ಎದೆಯೆತ್ತರ ಬೆಳೆದು ಹೂಬಿಟ್ಟು, ಓಡಿ ಬಂದವರ ಮೈಯೆಲ್ಲ ಅರಿಶಿನ. ಮಂಜಿನಲ್ಲಿ ದನಗಳ ಬೆನ್ನು ಮಾತ್ರ ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ. ಒಮ್ಮೆ ಒಂದು ಜಿಂಕೆ ನಮ್ಮ ಪಕ್ಕದಲ್ಲೇ ಅಷ್ಟು ದೂರ ಓಡಿ ಬಂತು. ಇವರಿಗೆ ಕೇಳಿದರೆ ಜಿಂಕೆ ಎಲ್ಲಿತ್ತು, ನಿನಗೆ ನಿದ್ದೆಗಣ್ಣು ಅನ್ನುತ್ತಾರೆ. ಇರಬಹುದು. ಆ ತಿಂಗಳುಗಳಲ್ಲಿ ನಾನು ಎಚ್ಚರದಲ್ಲಿದ್ದೆ ಎಂದು ಆಣೆ ಇಟ್ಟು ಹೇಳಲಾರೆ. ಮುಂದೆ ಮಗ್ಗಿ, ಹಿಂದೆ ನಾನು, ಸುತ್ತ ಹಳದಿ.

ಅಷ್ಟರಲ್ಲಿ ಅತ್ತೆ ಬಂದರು. ಅವರ ಟಿಕೆಟ್ಟು ಅಟ್ಯಾಕ್ ಆಗುವ ಮೊದಲೇ ಕಳಿಸಿಯಾಗಿತ್ತು. ಬೇಡ ಅನ್ನಲು ಕಾರಣ ಹೇಳಬೇಕು, ಕಾರಣ ಹೇಳುವ ಹಾಗಿಲ್ಲ. ನಮ್ಮಲ್ಲಿ ದೂರದಲ್ಲಿರುವ ಹಿರಿಯರಿಗೆ ಕಾಯಿಲೆಯ ಸುದ್ದಿ ಹೇಳುವುದಿಲ್ಲ. ಎಲ್ಲ ಸರಿಹೋದ ಮೇಲೆ, ಅದೂ ನಗುನಗುತ್ತ ಹೇಳುತ್ತೇವೆ. ಇದು ಬರೆದಿಡದ ಕಾನೂನು. "ಅಪ್ಪ ಹೋದ ವಯಸ್ಸಿನ್ಯಾಗ ನಂಗೂ ಹಂಗ ಆತು ಅಂತ ಕೇಳಿದ್ರ ಅವ್ವ ಉಳೀತಾಳೇನು?" ಎಂದು ಇವರು ನನ್ನಿಂದ ಮಾತು ತೆಗೆದುಕೊಂಡರು. ಮಗಳಿಗೂ ಹೇಳಿಕೊಟ್ಟೆವು. ಅವಳು "ಓಕೆ, ಐ ವೋಂಟ್ ಟೆಲ್" ಅಂದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ಮಟ್ಟಿಗೆ ಗುಟ್ಟು ಭದ್ರ ಎಂದು ಸಮಾಧಾನಪಟ್ಟೆ.

ಅಡಿಗೆಮನೆಯಲ್ಲಿ ನನ್ನ ನಾಟಕ ಶುರುವಾಯಿತು. ಇವರಿಗೆ ಉಪ್ಪಿಲ್ಲದ ಸಾರು ಬೇರೆ, ನಮಗೆಲ್ಲ ಬೇರೆ. ತುಪ್ಪದ ಮಿಳ್ಳೆ ಇವರ ಎಲೆಯ ಹತ್ತಿರ ಬಂದಾಗ ನಾನು ಏನಾದರೂ ಕೇಳಿ ಅತ್ತೆಯ ಗಮನ ತಿರುಗಿಸುತ್ತಿದ್ದೆ. ಉಪ್ಪಿನಕಾಯಿಯ ರಸ ಸೋರುವ ಹಾಗೆ ತಿನ್ನುತ್ತಿದ್ದ ಮಗ ಈಗ ಮುಟ್ಟುವುದಿಲ್ಲ ಯಾಕೆ ಎಂದು ಅವರು ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ನಾನು ಬೀಗಿದೆ. ಬೆಳಿಗ್ಗೆ ಓಡುವುದಕ್ಕೆ ಒಂದು ನೆಪ ಬೇಕಿತ್ತು, ಅದು ಸುಲಭವಾಯಿತು. ಆ ವರ್ಷಗಳಲ್ಲಿ ಅಮೆರಿಕಕ್ಕೆ ಅಮೆರಿಕವೇ ಚಡ್ಡಿ ಹಾಕಿಕೊಂಡು ಬೀದಿಯಲ್ಲಿ ಓಡುತ್ತಿತ್ತು. ಇಲ್ಲಿ ಎಲ್ಲರೂ ಓಡ್ತಾರೆ ಅತ್ತೆ, ಫ್ಯಾಷನ್ನು ಅಂದೆ. "ಹೌದೇನು," ಅಂದರು ಅವರು.

ಅತ್ತೆಯ ಎದುರಿಗೆ ಪ್ಯಾಂಟು ಹಾಕಲು ಧೈರ್ಯ ಬರದೆ ನಾನು ಮತ್ತೆ ಸೀರೆಗಿಳಿದೆ. ಕಚ್ಚೆಯಂತೆ ಎತ್ತಿ ಸಿಕ್ಕಿಸಿ, ಕಾಲಿಗೆ ಟೆನಿಸ್ ಶೂ. ಕಂದು ಸೀಸೆ ಸೆರಗಿನ ಗಂಟಿನಲ್ಲಿ. ಓಡುವಾಗ ಅದು ಸೊಂಟಕ್ಕೆ ಬಡಿಯುತ್ತಿತ್ತು, ಒಳಗೆ ಮಾತ್ರೆಗಳು ಗಿಲಕಿಯಂತೆ ಸದ್ದು ಮಾಡುತ್ತಿದ್ದವು. ಅತ್ತೆ ದಿನಾ ನಮ್ಮ ಜೊತೆ ಗೇಟಿನವರೆಗೆ ಬಂದು, ಅಲ್ಲಿದ್ದ ಒಂದು ಚಪ್ಪಟೆ ಕಲ್ಲಿನ ಮೇಲೆ ಶಾಲು ಹೊದ್ದು ಕೂರುತ್ತಿದ್ದರು. ನಾವು ಬಲಕ್ಕೆ ಮರೆಯಾಗುವುದನ್ನು, ಅರ್ಧ ಗಂಟೆಯಾದ ಮೇಲೆ ಎಡಗಡೆಯ ಟ್ಯಾಂಕಿನ ಹತ್ತಿರ ಮೂಡುವುದನ್ನು ನೋಡುವುದು ಅವರ ಕೆಲಸ.

ಐದಾರು ದಿನ ಸುಮ್ಮನೆ ನೋಡಿದರು. ಏಳನೆಯ ದಿನ ನಾವು ಇಳಿದು ಬರುವಷ್ಟರಲ್ಲಿ ಕಲ್ಲು ಬಿಟ್ಟು ಎದ್ದು ನಿಂತಿದ್ದರು.

"ದಿನಾ ಎಡಕ್ಕs ಸುತ್ತು ಹಾಕ್ತೀರಲ್ಲ. ಗುಡ್ಡ ಎಡಗೈಗೆ ಇಟ್ಟುಗೊಂಡು."

"ಅದು ಸುಲಭದ ದಾರಿ ಅತ್ತೆ. ದನ ಹೋಗೋ ದಾರಿ," ಅಂದೆ.

"ದನಕ್ಕ ಶಾಸ್ತ್ರ ಇಲ್ಲ. ನಮಗದ. ಎಡಸುತ್ತು ಯಾವಾಗ ಹಾಕ್ತಾರ, ಗೊತ್ತದ ಅಲ್ಲ?"

ಮಗಳು ಸೈಕಲ್ಲಿನ ಮೇಲೆ ಕೂತಲ್ಲಿಂದಲೇ, "ಅಜ್ಜಿ, ಇಟ್ಸ್ ಜಸ್ಟ್ ಅ ಹಿಲ್," ಅಂದಳು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ನಾನು ದೇವರು ದಿಂಡರಲ್ಲಿ ಅಷ್ಟಕ್ಕಷ್ಟೇ. ಅತ್ತೆ ಮೊಮ್ಮಗಳ ಕಡೆ ನೋಡಲಿಲ್ಲ. ಮಗನ ಮುಖವನ್ನೇ ನೋಡುತ್ತ, "ಅಪ್ಪನ್ನ ಸುಡುಗಾಡಕ್ಕ ಒಯ್ದಾಗ ನಾ ಬಂದಿದ್ದಿಲ್ಲ. ತಿರುಗಿ ಬಂದು ನೀನs ಹೇಳಿದ್ದಿ. ಅವ್ವಾ, ಕೊಡ ಹೊತಗೊಂಡು ಎಡಕ್ಕ ತಿರುಗು ಅಂದ್ರು ಅಂತ. ಮರತೀಯೇನು?" ಅಂದರು.

ಇವರು ಮರೆತಿದ್ದರು. ಮುಖ ನೋಡಿದರೆ ಆ ಕ್ಷಣದಲ್ಲೇ ನೆನಪಾದದ್ದು ಗೊತ್ತಾಗುತ್ತಿತ್ತು.

"ನಾಳಿಂದ ಬಲಸುತ್ತು ಹಾಕ್ರಿ," ಅಂದು ಅತ್ತೆ ಮನೆಯ ಕಡೆ ನಡೆದರು.

ಆ ದಿನವೆಲ್ಲ ನಾನೂ ಇವರೂ ಗ್ಯಾರೇಜಿನಲ್ಲಿ ನಿಂತು ಪಿಸುಮಾತಿನಲ್ಲಿ ಜಗಳವಾಡಿದೆವು. ಬಲಸುತ್ತು ಅಂದರೆ ಗುಡ್ಡ ಬಲಗೈಗೆ ಬರುವ ಹಾಗೆ ಗೇಟಿನಿಂದಲೇ ಎಡಕ್ಕೆ ತಿರುಗಬೇಕು, ಮೊದಲೇ ಆ ಕಡಿದಾದ ಏರು. ಆಗುವುದಿಲ್ಲ ಅನ್ನಬೇಕಾದರೆ ಯಾಕೆ ಎಂದು ಹೇಳಬೇಕು. ಹೇಳಿಬಿಡೋಣ ಎಂದು ನಾನು. ಬೇಡ, ನಿಧಾನ ಹತ್ತುತ್ತೇನೆ ಎಂದು ಅವರು. ಮೂರು ತಿಂಗಳು ಓಡಿದ್ದೇನಲ್ಲ, ಈಗ ಹತ್ತೊಂಬತ್ತರ ಮಗ್ಗಿವರೆಗೆ ಬಂದಿದ್ದೇನಲ್ಲ ಎಂದು ವಾದ. ಇನ್ನು ಎರಡು ವಾರಕ್ಕೆ ಅವರ ಹುಟ್ಟುಹಬ್ಬ, ನಲವತ್ತೆರಡು ತುಂಬುವ ದಿನ. ತಾಯಿಯ ಮಾತು ಮೀರಿ ಆ ದಿನಕ್ಕೆ ಕಾಲಿಡಲು ಅವರಿಗೂ ಒಳಗೊಳಗೇ ಭಯ ಹುಟ್ಟಿತ್ತು. ಇಪ್ಪತ್ತು ವರ್ಷ ರೆಕ್ಕೆಯ ಬಳುಕಿನ ಲೆಕ್ಕ ಹಾಕಿದ ಮನುಷ್ಯ! ನನಗೆ ಮೈಯೆಲ್ಲ ಉರಿಯಿತು, ಆದರೂ ಬಾಯಿ ಮುಚ್ಚಿಕೊಂಡೆ. ಮುಚ್ಚಿಕೊಳ್ಳಬಾರದಿತ್ತು.

ಮರುದಿನ ಮಂಜಿರಲಿಲ್ಲ. ಅತ್ತೆ ಕಲ್ಲಿನ ಮೇಲೆ ಕೂತರು. ನಾವು ಎಡಕ್ಕೆ ತಿರುಗಿದೆವು. ಓಟವೇನು ಬಂತು, ನಡಿಗೆಯೇ. ಒಣಗತೊಡಗಿದ್ದ ಹುಲ್ಲಿನ ಮೇಲೆ ಶೂ ಜಾರುತ್ತಿತ್ತು. ಇವರು ಮುಂದೆ, ನಾನು ಎರಡು ಹೆಜ್ಜೆ ಹಿಂದೆ, ಗಂಟು ಮುಷ್ಟಿಯಲ್ಲಿ. ಹತ್ತೊಂಬತ್ತೊಂದ್ಲೆ ಹತ್ತೊಂಬತ್ತು. ಹತ್ತೊಂಬತ್ತೆರಡ್ಲೆ ಮೂವತ್ತೆಂಟು. ಆ ಬೆಳಗಿನ ನಿಶ್ಶಬ್ದದಲ್ಲಿ ಧ್ವನಿ ಕಣಿವೆಯುದ್ದಕ್ಕೂ ಕೇಳುತ್ತಿತ್ತು. ಒಂದೊಂದು ಸಂಖ್ಯೆಯ ನಡುವಿನ ಅಂತರ ಹೆಚ್ಚುತ್ತ ಹೋಯಿತು. ಹತ್ತೊಂಬತ್ತೈದ್ಲೆ ತೊಂಬತ್ತೈದು. ಹತ್ತೊಂಬತ್ತಾರ್ಲೆ...

ನೂರಾ ಹದಿನಾಲ್ಕು ಬರಲಿಲ್ಲ.

ನಿಂತರು. ಆಮೇಲೆ ಕೂತರು. ಮುಖ ಸುಣ್ಣದ ಬಣ್ಣ, ತುಟಿಯ ಮೇಲೆ ಬೆವರು. ಗಂಟು ಬಿಚ್ಚಲು ನನ್ನ ಬೆರಳಿಗೆ ಬರಲಿಲ್ಲ, ಹಲ್ಲಿನಲ್ಲಿ ಬಿಚ್ಚಿದೆ. ಮಾತ್ರೆ ನಾಲಿಗೆಯ ಕೆಳಗಿಟ್ಟು, ಅವರ ಬೆನ್ನಿಗೆ ನನ್ನ ಎದೆ ಕೊಟ್ಟು ಕೂತೆ. ಆಗ ನನಗೆ ಕಂಡದ್ದು ಇವತ್ತಿಗೂ ಕನಸಿನಂತಿದೆ. ಕೆಳಗೆ ನಮ್ಮ ಬೀದಿ, ಮನೆಗಳ ಮಾಡು, ದೂರದಲ್ಲಿ ಸದ್ದಿಲ್ಲದೆ ಹರಿಯುವ ಫ್ರೀವೇ, ಉತ್ತರಕ್ಕೆ ಇನ್ನೂ ಚೂರು ಹಿಮ ಉಳಿದಿದ್ದ ಬೆಟ್ಟ. ಎಲ್ಲವೂ ತೊಳೆದಿಟ್ಟ ಹಾಗೆ ಸ್ಪಷ್ಟ, ಯಾವುದಕ್ಕೂ ನಮ್ಮ ಅರಿವಿಲ್ಲ. ಇವರು ಹೋದರೆ ಇದೆಲ್ಲ ಹೀಗೇ ಇರುತ್ತದಲ್ಲ ಎಂದು ಅಸಹ್ಯವಾಯಿತು. ಮತ್ತೆ ನೋಡುತ್ತೇನೆ, ಚಪ್ಪಟೆ ಕಲ್ಲಿನ ಮೇಲೆ ಅತ್ತೆ ಇಲ್ಲ.

ಅವರು ಹತ್ತಿ ಬರುತ್ತಿದ್ದರು. ಅರವತ್ತಮೂರು ವರ್ಷ, ಮೊಮ್ಮಗಳ ಹಳೆಯ ಕೆಂಪು ಶೂ, ಒಂದು ಕೈಯಲ್ಲಿ ನಿರಿಗೆ. ಹುಲ್ಲು ಹಿಡಿದು, ನಿಂತು, ಮತ್ತೆ ಹತ್ತಿ. ಅವರು ಬಂದು ತಲುಪುವಷ್ಟರಲ್ಲಿ ಇವರ ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು, ಉಸಿರು ಹದಕ್ಕೆ ಇಳಿದಿತ್ತು. ಅತ್ತೆ ಮಗನ ಪಕ್ಕದಲ್ಲಿ ಕೂತು, ಅವರ ಎದೆಯ ಮೇಲೆ ಅಂಗೈ ಇಟ್ಟರು.

"ಮಗ್ಗಿ ನಿಂತದ್ದು ಕೇಳಸ್ತು," ಅಂದರು. ಅಂಗೈ ತೆಗೆಯದೆ, "ಎಂದಾತು ಇದು?"

ನಾನು ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಉಪ್ಪಿಲ್ಲದ ಸಾರು ಉಣ್ಣಾಕತ್ತೀ. ಬಂದ ಮರುದಿನಾನs ನಿನ್ನ ಬಟ್ಟಲದಾಗಿಂದ ರುಚಿ ನೋಡೀನಿ. ನಿಮ್ಮಪ್ಪಗೂ ಕಡೀಕ ಡಾಕ್ಟರು ಉಪ್ಪು ಬಿಡಸಿದ್ರು. ಇಷ್ಟು ತಿಳೀಲಾರದವಳೇನು ನಾನು?"

"ಗೊತ್ತಿದ್ದೂ ಈ ದಾರೀಲಿ ಯಾಕೆ ಹತ್ತಿಸಿದ್ರಿ ಅತ್ತೆ?" ನನ್ನ ಧ್ವನಿ ಏರಿತ್ತು. ಅತ್ತೆಯ ಮುಂದೆ ಮೊದಲ ಸಲ ಏರಿತ್ತು.

"ಗೊತ್ತಿದ್ದದ್ದಕ್ಕs ಹತ್ತಸಿದೆ. ಎದಿ ಬ್ಯಾನಿ ಇದ್ದಾಂವ ದಿನಾ ಎದ್ದು ಎಡಸುತ್ತು ಹಾಕಿದ್ರ ನನ್ನ ಜೀವ ತಡದೀತೇನು? ಏರು ಇಷ್ಟು ಕಡಿದು ಅಂತ ಕೆಳಗ ಕೂತಾಕಿಗೆ ತಿಳೀಲಿಲ್ಲವ್ವಾ." ಆಮೇಲೆ ಅವರು ಅತ್ತರು. ಸದ್ದಿಲ್ಲದೆ, ಗುಡ್ಡ ನೋಡುತ್ತ. ನಾನು ಸುಲಭದ ದಾರಿ ಹುಡುಕಿದ್ದೂ ಅವರು ಕಷ್ಟದ ದಾರಿ ಹಿಡಿಸಿದ್ದೂ ಒಬ್ಬನನ್ನೇ ಉಳಿಸಿಕೊಳ್ಳಲು ಎಂದು ನನಗೆ ಆಗ ಹೊಳೆಯಿತು. ಇಬ್ಬರೂ ಸೇರಿ ಇವರನ್ನು ಕೊಂದೇಬಿಡುತ್ತಿದ್ದೆವು.

ಡಾಕ್ಟರು ನೋಡಿ, ಹೊಸ ಪೆಟ್ಟೇನೂ ಆಗಿಲ್ಲ, ಏರಿಗೆ ಹೃದಯ ಮುನಿಸಿಕೊಂಡಿತು ಅಷ್ಟೇ ಅಂದರು. ಹತ್ತು ದಿನ ಮನೆಯಲ್ಲಿರಿಸಿ, ಮತ್ತೆ ಹಳೆಯ ದಾರಿಯಲ್ಲಿ ಓಡಲು ಬಿಟ್ಟರು. ಆ ಹತ್ತು ದಿನ ಅತ್ತೆ ನನ್ನ ಅಡಿಗೆಮನೆಯಲ್ಲಿ ಮನೆಗೆಲ್ಲ ಒಂದೇ ಸಾರು ಮಾಡಿದರು, ಉಪ್ಪಿಲ್ಲದ್ದು. ಮಗಳು ಮುಖ ಹಿಂಡಿದರೆ, "ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ ಅಂತಾರ. ಈಗ ಒಂದು ಬಿಟ್ಟೀವಿ, ಇನ್ನೊಂದು ಅದ," ಅಂದರು.

ಹನ್ನೊಂದನೆಯ ದಿನ ಬೆಳಿಗ್ಗೆ ಗೇಟಿನ ಬಳಿ ನಾವು ಬಲಕ್ಕೆ ತಿರುಗಿದರೆ, ಅತ್ತೆ ಕಲ್ಲಿನ ಮೇಲೆ ಕೂರಲಿಲ್ಲ. ಎಡಕ್ಕೆ ತಿರುಗಿದರು.

"ಅವ್ವಾ, ನೀ ಎಲ್ಲಿ?"

"ನೀ ನಿನ್ನ ದಾರೀಲೆ ಹೋಗು. ನೀ ಸುತ್ತಿದ್ದು ನಾ ಬಿಚಗೋತ ಬರ್ತೀನಿ."

ಅಷ್ಟೇ. ಇನ್ನು ವಾದವಿಲ್ಲ. ಅವರು ಆ ಏರನ್ನು ಇರುವೆಯ ನಡಿಗೆಯಲ್ಲಿ ಹತ್ತಿ, ಟ್ಯಾಂಕಿನ ಬಳಿ ನಮಗೆ ಎದುರಾಗುತ್ತಿದ್ದರು. ಅಲ್ಲಿ ಒಂದು ನಿಮಿಷ ನಿಂತು, ಮಗನ ಎದೆ ಮುಟ್ಟಿ, ನಾವು ಬಂದ ದಾರಿಯಲ್ಲಿ ಅವರು ಇಳಿಯುತ್ತಿದ್ದರು, ಅವರು ಬಂದ ದಾರಿಯಲ್ಲಿ ನಾವು. ನಾವು ಬೇಗ ಗೇಟು ತಲುಪುತ್ತಿದ್ದೆವು. ಆಮೇಲೆ ಆ ಚಪ್ಪಟೆ ಕಲ್ಲಿನ ಮೇಲೆ ಇವರು ಕೂತು, ಹಳ್ಳದ ತಿರುವನ್ನೇ ನೋಡುತ್ತ, ಗಡಿಯಾರ ನೋಡುತ್ತ, ಅವ್ವ ಇನ್ನೂ ಬರಲಿಲ್ಲ ಎಂದು ಚಡಪಡಿಸುತ್ತಿದ್ದರು. ಇನ್ನೊಬ್ಬರಿಗಾಗಿ ಹೆದರುತ್ತ ಕೂತವರು ತಮ್ಮ ನಾಡಿ ಹಿಡಿದುಕೊಳ್ಳುವುದನ್ನು ಮರೆತರು. ಕಡೆಗೆ ಅಕ್ರೋಟಿನ ಮರಗಳ ಸಂದಿಯಿಂದ ಕೆಂಪು ಶೂ ಕಾಣುತ್ತಿತ್ತು. ಆಫೀಸಿಗೆ ತಡವಾದರೂ ಅದು ಕಾಣದೆ ಅವರು ಕಾರು ಹತ್ತುತ್ತಿರಲಿಲ್ಲ.

ಹುಟ್ಟುಹಬ್ಬ ಬಂತು, ಹೋಯಿತು. ಸಾಸಿವೆ ಒಣಗಿತು, ಗುಡ್ಡ ಚಿನ್ನದ ಬಣ್ಣಕ್ಕೆ ತಿರುಗಿತು. ಸೆಪ್ಟೆಂಬರಿನಲ್ಲಿ ಅತ್ತೆ ಹೊರಟರು. ಏರ್‌ಪೋರ್ಟಿನಲ್ಲಿ ನನ್ನ ಕೈ ಹಿಡಿದು, "ಇನ್ನ ಬಿಚ್ಚೂದು ನಿಂದು," ಅಂದರು. ಹೂಂ ಅಂದೆ.

ಮಾಡಲಿಲ್ಲ. ನನಗೆ ಅದರಲ್ಲಿ ನಂಬಿಕೆಯಿಲ್ಲ, ಒಂದು. ಮಾತ್ರೆಯ ಸೀಸೆ ನನ್ನ ಹತ್ತಿರ, ಇವರನ್ನು ಒಬ್ಬರನ್ನೇ ಗುಡ್ಡದ ಹಿಂದೆ ಬಿಡುವುದು ಹೇಗೆ, ಎರಡು. ಇವರ ಹಿಂದೆಯೇ ಓಡಿದೆ, ಐದು ವರ್ಷ, ದಿನಾ ಎಡಸುತ್ತು. ಅತ್ತೆಯ ಪ್ರತಿ ಕಾಗದದ ಕೊನೆಯ ಸಾಲು ಒಂದೇ ಇರುತ್ತಿತ್ತು, ಗುಡ್ಡ ಸುತ್ತತಿ ಅಲ್ಲಾ? ಸುತ್ತುತ್ತೇನೆ ಎಂದು ನಾನು ಬರೆಯುತ್ತಿದ್ದೆ. ಸುತ್ತುವುದು ನಿಜವೇ ಅಲ್ಲವೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಳು ಸುಳ್ಳೇ.

ಎಂಬತ್ತಮೂರರ ವಸಂತದಲ್ಲಿ, ಸಾಸಿವೆ ಮತ್ತೆ ಹೂಬಿಟ್ಟಿದ್ದಾಗ, ಧಾರವಾಡದಿಂದ ಟೆಲಿಗ್ರಾಂ ಬಂತು. ಅತ್ತೆ ಮಲಗಿದಲ್ಲೇ ಹೋಗಿದ್ದರು. ಅದು ನಮ್ಮ ಕೈ ಸೇರುವ ಹೊತ್ತಿಗೆ ಮೈದುನ ಎಲ್ಲ ಮುಗಿಸಿಯಾಗಿತ್ತು. ಹಿರಿಯ ಮಗ ಇಲ್ಲಿ, ಕೈಯಲ್ಲಿ ಒಂದು ಚೂರು ಕಾಗದ ಹಿಡಿದು.

ಮರುದಿನ ಬೆಳಿಗ್ಗೆ ಇವರು ಶೂ ಹಾಕಲಿಲ್ಲ. ಬರಿಗಾಲಿನಲ್ಲಿ ಗೇಟು ದಾಟಿದರು. ನಾನು ಹಿಂದೆ ಹೊರಟರೆ ಕೈ ಅಡ್ಡ ಮಾಡಿ ಬೇಡ ಅಂದರು. ಆ ಒಂದು ಎಡಸುತ್ತು ಅತ್ತೆಗೆ ಸಲ್ಲಬೇಕಾದದ್ದೇ ಎಂದು ನನಗೂ ತಿಳಿಯಿತು. ಚಪ್ಪಟೆ ಕಲ್ಲಿನ ಮೇಲೆ ಕೂತೆ. ಮಗ್ಗಿ ಕೇಳಿಸಲಿಲ್ಲ. ಅವತ್ತು ಮಗ್ಗಿ ಹೇಳುವ ದಿನವಲ್ಲ, ಅದೂ ಗೊತ್ತು, ಆದರೂ ಸೀಸೆಯನ್ನು ಅಂಗೈಯಲ್ಲಿ ಒತ್ತಿಕೊಂಡು, ಟ್ಯಾಂಕಿನಿಂದ ಕಣ್ಣು ಕೀಳದೆ ಕೂತಿದ್ದೆ. ಅತ್ತೆ ಈ ಕಲ್ಲಿನ ಮೇಲೆ ಕೂತು ಏನು ನೋಡುತ್ತಿದ್ದರು ಎನ್ನುವುದು ನನಗೆ ಆಗ ಅರ್ಥವಾಯಿತು. ಬಲಕ್ಕೆ ಮರೆಯಾದ ಮನುಷ್ಯ ಎಡಕ್ಕೆ ಮೂಡುವವರೆಗೆ ಗುಡ್ಡ ಬಹಳ ದೊಡ್ಡದು. ಕಡೆಗೆ ಹಸಿರು ಟ್ಯಾಂಕಿನ ಪಕ್ಕದಲ್ಲಿ ಒಂದು ತಲೆ ಮೂಡಿತು.

ಅದರ ಮರುದಿನ ಇವರು ಮತ್ತೆ ಶೂ ಹಾಕಿದರು. ಗೇಟಿನ ಬಳಿ ನಾನು ಸೆರಗಿನ ಗಂಟು ಬಿಚ್ಚಿ, ಸೀಸೆಯನ್ನು ಅವರ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದೆ.

"ನೀವು ಈ ಕಡೆಯಿಂದ ಹೋಗಿ. ನಾನು ಆ ಕಡೆಯಿಂದ ಬರ್ತೀನಿ. ಮಗ್ಗಿ ಜೋರಾಗಿ ಹೇಳಿ," ಅಂದೆ.

ಇವರು ಒಂದು ಕ್ಷಣ ನನ್ನ ಮುಖ ನೋಡಿದರು. ಬಲಕ್ಕೆ ತಿರುಗಿ ಓಡಿದರು.

ಇವತ್ತಿಗೂ ನನಗೆ ನಂಬಿಕೆಯಿಲ್ಲ. ಅವತ್ತೂ ಇರಲಿಲ್ಲ. ಆದರೆ ಅತ್ತೆಗೆ ಐದು ವರ್ಷ ಬರೆದ ಸುಳ್ಳನ್ನು ನಿಜ ಮಾಡಲು ಬೇರೆ ದಾರಿ ಕಾಣಲಿಲ್ಲ. ಎಡಕ್ಕೆ ತಿರುಗಿ ಹತ್ತತೊಡಗಿದೆ. ತೊಡೆ ನಡುಗಿತು, ಸಾಸಿವೆ ಮೈಗೆಲ್ಲ ಹತ್ತಿತು. ಐದು ವರ್ಷದ ಹಿಂದೆ ಇವರು ಕುಸಿದು ಕೂತಿದ್ದ ಜಾಗಕ್ಕೆ ಬಂದಾಗ ನಿಂತೆ. ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಮೊದಲು ಏನೂ ಇಲ್ಲ, ಗಾಳಿ. ಆಮೇಲೆ ಗುಡ್ಡದ ಆಚೆಯಿಂದ, ಎಲ್ಲೋ ದನಗಳ ಜಾಡಿನಿಂದ, ಸಣ್ಣದಾಗಿ ಬಂತು.

ಹತ್ತೊಂಬತ್ತಾರ್ಲೆ ನೂರಾ ಹದಿನಾಲ್ಕು.

ಹತ್ತೊಂಬತ್ತೇಳ್ಲೆ ನೂರಾ ಮೂವತ್ತಮೂರು.

ನಾನು ನಿರಿಗೆ ಎತ್ತಿ ಹಿಡಿದು ಮೇಲಕ್ಕೆ ನಡೆದೆ.